ಸಾಮಾನಿಗೆ ಗಾಡಿ, ಮಂದಿಗೆ ಸೀಟು

ಇಳಕಲ್ಲ ಪೇಟೆಯ ಸೀರೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಒಂದು ತಿಂಗಳಿಂದ ಒಂದೇ ವಾದ. ಹಳೇ ಗಾಡಿ ಮುದಿಯಾಗಿದೆ, ಹೊಸದು ತರಬೇಕು. ತರಬೇಕು ಅನ್ನುವುದರಲ್ಲಿ ತಂದೆ, ಮಗ ಇಬ್ಬರದೂ ಒಪ್ಪಿಗೆ. ಎಂಥದ್ದು ತರಬೇಕು ಅನ್ನುವುದರಲ್ಲಿ ಮಾತ್ರ ತಟ್ಟೆಯ ರೊಟ್ಟಿ ಆರುವ ತನಕ ತಕರಾರು.

ಮಗನಿಗೆ ಬೇಕಾದದ್ದು ನಾಲ್ಕೂ ಗಾಲಿಗೆ ಎಂಜಿನ್ನಿನ ಜೋರು ಹೋಗುವ ದೊಡ್ಡ ಪಿಕಪ್. ರಜೆ ದಿನ ಗೆಳೆಯರ ಸಂಗಡ ಬಾದಾಮಿ ಗುಡ್ಡ, ಸಿದ್ಧನಕೊಳ್ಳ, ಮಹಾಕೂಟ ಅಂತ ತಿರುಗಬೇಕು, ಬಯಲಲ್ಲಿ ಡೇರೆ ಹೊಡೆಯಬೇಕು, ಅಲ್ಲೇ ಅಡಿಗೆ ಮಾಡಿ ಉಣ್ಣಬೇಕು ಅನ್ನುವುದು ಅವನ ಆಸೆ. "ಅಪ್ಪಾ, ಇದು ಎಂಥಾ ಗುಡ್ಡ ಇದ್ರೂ ಹತ್ತತೈತಿ ನೋಡು" ಅಂತ ಮೊಬೈಲು ಮುಂದೆ ಹಿಡಿಯುತ್ತಾನೆ. "ಗುಡ್ಡ ಹತ್ತೂದು ಆಮ್ಯಾಲ ತಮ್ಮಾ, ಮೊದಲ ನಮ್ಮ ಓಣ್ಯಾಗ ಹೊಳ್ಳತೈತೇನು ಹೇಳು" ಅನ್ನುವುದು ತಂದೆಯ ಉತ್ತರ. ತಾಯಿಯ ಪ್ರಶ್ನೆಯೇ ಬೇರೆ: "ಬನಶಂಕರಿ ಜಾತ್ರಿಗೆ ಮನಿ ಮಂದಿ ಎಲ್ಲಾ ಅದರ ಹಿಂದ ಕುಂತು ಹೋಗಾಕ ಬರತೈತೋ ಇಲ್ಲೋ?"

ಮೂವರ ಮಾತಿನಲ್ಲೂ ಅರ್ಥವಿದೆ. ಆದರೆ ಮೊದಲ ಎರಡು ಪ್ರಶ್ನೆಗೆ ಶೋರೂಮಿನಲ್ಲಿ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಅಲ್ಲಿ ಉತ್ತರ ಸಿಗುವುದಿಲ್ಲ. ಜೀವದ ಪ್ರಶ್ನೆ ಇರುವುದೂ ಮೂರನೆಯದರಲ್ಲೇ.

ಇದು ಒಂದು ಮನೆಯ ಕಥೆಯಲ್ಲ. ಗುಳೇದಗುಡ್ಡದ ಖಣದ ವ್ಯಾಪಾರಿ, ಅಮೀನಗಡದ ಕರದಂಟಿನ ಅಂಗಡಿಯವರು, ಹುನಗುಂದದ ಕಿರಾಣಿಯವರು, ನವನಗರದ ಹಾರ್ಡ್‌ವೇರ್ ಅಂಗಡಿಯವರು, ಎಲ್ಲರ ಬಾಗಿಲ ಮುಂದೆಯೂ ಇವತ್ತು ಒಂದು ಸಣ್ಣ ಗೂಡ್ಸ್ ಗಾಡಿ ನಿಂತಿರುತ್ತದೆ. ವಾರದ ಆರು ದಿನ ಅದು ಅಂಗಡಿಯ ಆಳು. ಏಳನೆಯ ದಿನ ಅದೇ ಮನೆಯ ಮೇನೆ. ಈ ಏಳನೆಯ ದಿನದ ಲೆಕ್ಕವನ್ನು ಯಾರೂ ಸರಿಯಾಗಿ ಹಾಕುತ್ತಿಲ್ಲ.

ಇಲ್ಲಿಯ ಸಾಹಸ ಬೇರೆ

ಪಿಕಪ್ ತಗೊಂಡು ಕಾಡು ಮೇಡು ತಿರುಗುವುದು ಅಮೆರಿಕ, ಆಸ್ಟ್ರೇಲಿಯದ ಶೋಕಿ ಅಂತ ಕೆಲವರು ನಗುತ್ತಾರೆ. ನಗುವ ಕಾರಣವಿಲ್ಲ. ಈ ಜಿಲ್ಲೆಯಲ್ಲಿ ಸಾಹಸದ ತಿರುಗಾಟ ಹೊಸದೇನೂ ಅಲ್ಲ, ಹೆಸರು ಮಾತ್ರ ಹೊಸದು.

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಹತ್ತಲಿಕ್ಕೆ ಚಳಿಗಾಲ ಬಂತೆಂದರೆ ಬೆಂಗಳೂರಿನಿಂದ ಹಿಡಿದು ಯುರೋಪಿನ ತನಕದ ಹುಡುಗರು ಬರುತ್ತಾರೆ. ಹಗ್ಗ, ಕೊಂಡಿ, ಬಿದ್ದರೆ ಪೆಟ್ಟಾಗದ ಹಾಗೆ ಕೆಳಗೆ ಹಾಸುವ ದಪ್ಪ ಹಾಸಿಗೆ, ನೀರಿನ ಡಬ್ಬಿ ಹೊತ್ತುಕೊಂಡು ಬಂಡೆಯ ಬುಡಕ್ಕೆ ನಡೆಯುತ್ತಾರೆ. ಐಹೊಳೆಯ ಹತ್ತಿರದ ಸಿದ್ಧನಕೊಳ್ಳಕ್ಕೆ ಮಳೆಗಾಲದಲ್ಲಿ ನೀರು ಬೀಳುವುದನ್ನು ನೋಡಲು ಹುನಗುಂದ, ಇಳಕಲ್ಲದ ಹುಡುಗರು ಗುಂಪು ಕಟ್ಟಿಕೊಂಡು ಹೋಗುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ಸಾಹಸ ಯುಗಾದಿಯ ಮುಂಚೆ ನಡೆಯುತ್ತದೆ. ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ಈ ಭಾಗದ ಸಾವಿರಾರು ಮಂದಿ ಉರಿಬಿಸಿಲಲ್ಲಿ ನಡೆದು ಹೊರಡುತ್ತಾರೆ. ಕೊನೆಗೆ ನಲ್ಲಮಲದ ಕಾಡಿನ ಏರು, ಇಳಿಜಾರು ದಾಟಬೇಕು. ಗುಂಪಿನ ಹಿಂದೆ ಮುಂದೆ ಒಂದು ಗಾಡಿ. ಅದರಲ್ಲಿ ನೀರಿನ ಡ್ರಮ್ಮು, ಅಡಿಗೆ ಪಾತ್ರೆ, ಜ್ವಾಳದ ಹಿಟ್ಟಿನ ಚೀಲ, ಹಾಸಿಗೆಯ ಸುರುಳಿ, ತಾಡಪತ್ರಿ. ವಿದೇಶದ ಮಂದಿ ಲಕ್ಷಗಟ್ಟಲೆ ಸುರಿದು ಮಾಡುವ ಪ್ರವಾಸವನ್ನು ಇಲ್ಲಿಯ ನೇಕಾರ, ರೈತ, ಅಂಗಡಿಕಾರ ಬಾಯಲ್ಲಿ ದೇವರ ಹೆಸರು, ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಮಾಡುತ್ತ ಬಂದಿದ್ದಾನೆ.

ಆದ್ದರಿಂದ ಪಿಕಪ್ ಆರಿಸುವಾಗ ಮೊಬೈಲಿನ ಚಿತ್ರ ನೋಡಿ ಪ್ರಯೋಜನವಿಲ್ಲ. ಈ ನೆಲದ ದಾರಿ, ಈ ನೆಲದ ಮಣ್ಣು, ಈ ನೆಲದ ಜಾತ್ರೆ ನೋಡಿ ಆರಿಸಬೇಕು.

ಚಕ್ಕಡಿಯಿಂದ ಛೋಟಾ ಹಾಥಿಗೆ

ಹಿಂದಿನ ಕಾಲದಲ್ಲಿ ಬನಶಂಕರಿ ಜಾತ್ರೆಗೆ ಸವಾರಿ ಬಂಡಿ ಕಟ್ಟುತ್ತಿದ್ದರು. ಆಮೇಲೆ ಪುಣೆಯ ಮಟಡೋರ್ ಬಂತು. 1980ರ ದಶಕದ ನಡುವೆ ಜಪಾನಿನ ಕಂಪನಿಗಳು ಇಲ್ಲಿಯವರ ಕೈ ಹಿಡಿದು ಬಂದವು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಶರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್. ಇವಕ್ಕೆ ಎದುರಾಗಿ 1986ರಲ್ಲಿ ಟಾಟಾದವರು 407 ಬಿಟ್ಟರು. ಜಪಾನಿನ ಗಾಡಿಗಳು ನಾಜೂಕು, 407 ಒರಟು. ಆದರೆ ಊರೂರಲ್ಲಿ ಅದರ ಸಾಮಾನು ಸಿಕ್ಕಿತು, ಊರೂರಲ್ಲಿ ಅದನ್ನು ಬಿಚ್ಚಿ ಜೋಡಿಸುವ ಮಿಸ್ತ್ರಿ ಸಿಕ್ಕಿದ. ಒರಟು ಗಾಡಿ ಗೆದ್ದಿತು. ಇವತ್ತಿಗೂ ಗಾಡಿ ಕೊಳ್ಳುವವನು ಮರೆಯಬಾರದ ಪಾಠ ಇದು.

ಸಣ್ಣ ಅಂಗಡಿಕಾರನ ಕೈಗೆ ನಾಲ್ಕು ಗಾಲಿಯ ಗಾಡಿ ಎಟುಕಿದ್ದು 2005ರಲ್ಲಿ, ಟಾಟಾ ಏಸ್ ಬಂದ ಮೇಲೆ. ಮಂದಿ ಅದಕ್ಕೆ ಛೋಟಾ ಹಾಥಿ ಅಂತ ಹೆಸರಿಟ್ಟರು. ಆಗ ಅದರ ಎಂಜಿನ್ 702 ಸಿಸಿ, ಎರಡೇ ಸಿಲಿಂಡರು. ಹೊರುವ ಭಾರ 750 ಕೆ.ಜಿ. ಮೂರು ಗಾಲಿಯ ಟೆಂಪೋ ಹೋಗುವ ಸಂದಿಯಲ್ಲಿ ಇದೂ ಹೋಯಿತು. ಅದರ ಬೆನ್ನಿಗೆ 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್, 2016ರಲ್ಲಿ ಮಾರುತಿಯ ಸೂಪರ್ ಕ್ಯಾರಿ ಬಂದವು. ಮಹೀಂದ್ರದ ಬೊಲೆರೊ ಪಿಕಪ್ ಅಂತೂ ಹಳ್ಳಿಯ ದಾರಿಯ ಮೇಲೆ ಎತ್ತಿನಷ್ಟೇ ಸಾಮಾನ್ಯವಾಯಿತು.

ಯಾವುದು ಯಾರಿಗೆ?

ಗಾಡಿ ಆರಿಸುವವನು ಮೊದಲು ಹಾಳೆಯ ಮೇಲೆ ಮೂರು ಲೆಕ್ಕ ಬರೆಯಬೇಕು. ದಿನದ ಭಾರ ಎಷ್ಟು? ಓಣಿಯ ಅಗಲ ಎಷ್ಟು? ಗಾಡಿಯಲ್ಲಿ ಕೂಡುವ ಮಂದಿ ಎಷ್ಟು?

ಸೀರೆಯ ಗಂಟು, ಖಣದ ಗಂಟು, ಕರದಂಟಿನ ಡಬ್ಬಿ ಹಗುರು. ಜಾಗ ಹಿಡಿಯುತ್ತವೆ, ತೂಕ ಬರುವುದಿಲ್ಲ. ಇಂಥವರಿಗೆ ಏಸ್ ಆಗಲಿ, 740 ಕೆ.ಜಿ. ಹೊರುವ ಸೂಪರ್ ಕ್ಯಾರಿ ಆಗಲಿ ಬೇಕಾದಷ್ಟಾಯಿತು. ಸೂಪರ್ ಕ್ಯಾರಿ ಈಗ ಪೆಟ್ರೋಲು ಇಲ್ಲವೆ ಸಿಎನ್‌ಜಿಗೆ ಬರುತ್ತದೆ, ಡೀಸೆಲಿನದು 2020ಕ್ಕೆ ನಿಂತಿತು. ಸಿಎನ್‌ಜಿ ಅಗ್ಗ ಅಂತ ಕೊಳ್ಳುವವನು ತನ್ನ ದಿನದ ದಾರಿಯಲ್ಲಿ ಗ್ಯಾಸು ತುಂಬುವ ಪಂಪು ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಬೇಕು. ಪಂಪಿನ ಮುಂದೆ ತಾಸುಗಟ್ಟಲೆ ಪಾಳಿ ನಿಂತರೆ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು.

ಸಿಮೆಂಟು, ಕಬ್ಬಿಣ, ಎಣ್ಣೆ ಡಬ್ಬಿ, ಕಾಳಿನ ಚೀಲದವರಿಗೆ ಈ ಸಣ್ಣವು ಸಾಲವು. ಒಂದೂಕಾಲು ಟನ್ನಿನ ದೋಸ್ತ್ ಅಥವಾ ಬೊಲೆರೊ ಪಿಕಪ್ ನೋಡಬೇಕು. ಸಣ್ಣ ಗಾಡಿಗೆ ದೊಡ್ಡ ಭಾರ ಹಾಕಿ ಪಾಟಾ ಮುರಿಸಿಕೊಳ್ಳುವುದು ಉಳಿತಾಯವಲ್ಲ. ಮೇಲಾಗಿ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಹೆಚ್ಚಿನ ಭಾರಕ್ಕೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚಾದ ಒಂದೊಂದು ಟನ್ನಿಗೆ 2,000 ರೂಪಾಯಿ.

ಇನ್ನು ಮಗನ ಕನಸಿನ ಗಾಡಿಗಳು. ಇಸುಜು ವಿ-ಕ್ರಾಸ್ 2016ರಲ್ಲಿ, ಟೊಯೊಟಾ ಹೈಲಕ್ಸ್ 2022ರಲ್ಲಿ ಈ ದೇಶದ ಪೇಟೆಗೆ ಬಂದವು. ಗಟ್ಟಿ ಗಾಡಿಗಳು, ಸಂಶಯವಿಲ್ಲ. ಐದು ಮಂದಿ ಕಾರಿನಲ್ಲಿ ಕೂತ ಹಾಗೆ ಕೂಡಬಹುದು, ನಾಲ್ಕೂ ಗಾಲಿ ಎಳೆಯುತ್ತವೆ. ಆದರೆ ಉದ್ದ ಐದು ಮೀಟರಿನ ಮೇಲೆ, ಬೆಲೆ ಇಪ್ಪತ್ತು ಲಕ್ಷದ ಮೇಲೆ. ಇಳಕಲ್ಲದ ನೇಕಾರರ ಓಣಿಯಲ್ಲಿ, ಹಳೇ ಬಾಗಲಕೋಟೆಯ ಪೇಟೆಯಲ್ಲಿ, ಬಾದಾಮಿಯ ಅಗಸ್ತ್ಯತೀರ್ಥದ ಕಡೆಯ ಸಂದಿಯಲ್ಲಿ ಇಂಥದ್ದನ್ನು ಹೊಳ್ಳಿಸಬೇಕಾದರೆ ಎದುರಿಗೆ ಬಂದ ಎಮ್ಮೆ, ಸೈಕಲ್ಲು, ನೂಲಿನ ಗಂಟು ಎಲ್ಲ ಹಿಂದೆ ಸರಿಯಬೇಕು. ವರ್ಷದಲ್ಲಿ ಹತ್ತು ದಿನದ ಗುಡ್ಡಕ್ಕೋಸ್ಕರ ಉಳಿದ ದಿನವೆಲ್ಲ ಓಣಿಯಲ್ಲಿ ಬೈಸಿಕೊಳ್ಳುವುದು ಜಾಣತನವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಂತೆ, ಓಣಿ ಇದ್ದಷ್ಟು ಗಾಡಿ ತರಬೇಕು.

ನಡುವಿನ ದಾರಿಯೊಂದಿದೆ. ಕ್ಯಾಬಿನ್ನಿನಲ್ಲಿ ಎರಡು ಸಾಲು ಸೀಟಿದ್ದು ಹಿಂದೆ ಸಾಮಾನಿನ ಬಾಡಿ ಇರುವ ಗಾಡಿ. ಬೊಲೆರೊ ಕ್ಯಾಂಪರ್ ಈ ಜಾತಿಯದು. ಡ್ರೈವರ್ ಸೇರಿ ಐದು ಮಂದಿ ತಗಡಿನ ಸೂರಿನ ಕೆಳಗೆ, ಬೆಲ್ಟ್ ಕಟ್ಟಿಕೊಂಡು ಕೂಡಬಹುದು. ಹಿಂದೆ ಸುಮಾರು ಒಂದು ಟನ್ ಸಾಮಾನು ಹಾಕಬಹುದು. ಅದರ ಎಂಜಿನ್ನು ಹಳ್ಳಿಯ ಮಿಸ್ತ್ರಿಗಳಿಗೂ ಗೊತ್ತಿರುವಂಥದ್ದು. ಅಂಗಡಿಯ ಕೆಲಸ, ಗುಡ್ಡದ ತಿರುಗಾಟ ಎರಡೂ ಬೇಕು ಅನ್ನುವ ಮನೆಗೆ ಇದಕ್ಕಿಂತ ಸಮೀಪದ ಉತ್ತರ ಸಿಗುವುದು ಕಷ್ಟ. ಬರೀ ಅಂಗಡಿಗೆ ಸಾಕು ಅನ್ನುವವರಿಗೆ ಸಣ್ಣದೇ ಸಾಕು.

ಮಣ್ಣು ಮಾತಾಡುತ್ತದೆ

ಹುನಗುಂದದ ಕಡೆಯ ಎರಿ ಹೊಲದ ದಾರಿ ಬೇಸಿಗೆಯಲ್ಲಿ ಡಾಂಬರಿಗಿಂತ ನುಣ್ಣಗೆ ಇರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಅದೇ ಮಣ್ಣು ಟಾಯರಿನ ಗೀರುಗಳಲ್ಲಿ ತುಂಬಿಕೊಂಡು ಗಾಲಿಯನ್ನು ಸಾಬೂನಿನ ಗಡ್ಡೆ ಮಾಡಿಬಿಡುತ್ತದೆ. ಸಣ್ಣ ಗಾಡಿಯ 12 ಇಂಚಿನ ಗಾಲಿ ಹೂಳುತ್ತದೆ. ದೊಡ್ಡ ಪಿಕಪ್ಪಿನ 15 ಇಂಚಿನ ಗಾಲಿ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಅದೂ ಹೂಳುತ್ತದೆ. ನಾಲ್ಕು ಗಾಲಿ ಎಳೆಯುವ ಗಾಡಿಯೂ ನುಣುಪಾದ ಟಾಯರಿದ್ದರೆ ನಾಲ್ಕೂ ಗಾಲಿ ತಿರುಗಿಸುತ್ತ ನಿಂತಲ್ಲೇ ನಿಲ್ಲುತ್ತದೆ. ಎರಿ ಹಸಿಯಾಗಿದ್ದಾಗ ಎತ್ತು ಹೂಡದ ರೈತನ ಬುದ್ಧಿಯೇ ಇಲ್ಲಿ ದೊಡ್ಡ ಬುದ್ಧಿ. ಮಣ್ಣು ಆರುವ ತನಕ ಕಾಯಬೇಕು.

ಇನ್ನೊಂದು ಸಂಗತಿಯನ್ನು ಶೋರೂಮಿನವರು ಹೇಳುವುದು ಕಡಿಮೆ. ಗೂಡ್ಸ್ ಗಾಡಿಯ ಹಿಂದಿನ ಪಾಟಾಗಳು ಭಾರಕ್ಕೆಂದೇ ಮಾಡಿದವು. ಭಾರ ಇದ್ದಾಗ ಗಾಡಿ ನೆಲ ಹಿಡಿದು ಓಡುತ್ತದೆ. ಖಾಲಿ ಇದ್ದಾಗ ಹಿಂಭಾಗ ಕುಪ್ಪಳಿಸುತ್ತದೆ, ಎಳೆಯುವ ಹಿಂದಿನ ಗಾಲಿಗೆ ಹಿಡಿತ ಸಿಗುವುದಿಲ್ಲ. ಹಸಿ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಡೇರೆ, ಹಾಸಿಗೆ, ಒಂದು ಸಿಲಿಂಡರು ಹಾಕಿಕೊಂಡು ಗುಡ್ಡಕ್ಕೆ ಹೊರಟ ಗಾಡಿ ಅಂದರೆ ಹೆಚ್ಚುಕಡಿಮೆ ಖಾಲಿ ಗಾಡಿಯೇ. ನೀರಿನ ಕ್ಯಾನು, ಸ್ಟೆಪ್ನಿ, ಪಾತ್ರೆಯಂಥ ಭಾರದ ಸಾಮಾನನ್ನು ಕ್ಯಾಬಿನ್ನಿಗೆ ಹತ್ತಿಸಿ ತಳದಲ್ಲಿ ಇಡಬೇಕು, ಹಗ್ಗ ಬಿಗಿಯಬೇಕು, ಹಗುರದ್ದನ್ನು ಮೇಲೆ ಇಡಬೇಕು. ವೇಗ ಇಳಿಸಬೇಕು.

ಹೊಳೆಯ ಮಾತೂ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು. ಸೇತುವೆಯ ಮೇಲೆ ನೀರು ಹರಿಯುವಾಗ ಇಪ್ಪತ್ತು ಲಕ್ಷದ ಗಾಡಿಗೂ ಐದು ಲಕ್ಷದ ಗಾಡಿಗೂ ಹೊಳೆ ಭೇದ ಮಾಡುವುದಿಲ್ಲ.

ಹಳೇ ಗಾಡಿ ಕೊಳ್ಳುವವರಿಗೆ

ಹೊಸದು ಆಗದವರು ಹಳೇದು ಕೊಳ್ಳುತ್ತಾರೆ. ತಪ್ಪಿಲ್ಲ. ಆದರೆ ಇಳಕಲ್ಲ ಅಂದರೆ ಸೀರೆ ಎಷ್ಟೋ ಕಲ್ಲೂ ಅಷ್ಟೇ. ಇಲ್ಲಿಯ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತದೆ. ಕಲ್ಲಿನ ತುಂಡು, ಪಾಲಿಶ್ ಮಾಡಿದ ಹಾಸು ಹೊತ್ತು ಸವೆದ ಗಾಡಿ ಬಣ್ಣ ಬಳಿಸಿಕೊಂಡು ಪೇಟೆಗೆ ಬಂದಿರಬಹುದು. ಬಣ್ಣ ನೋಡಬಾರದು, ಕೆಳಗೆ ಬಗ್ಗಿ ನೋಡಬೇಕು. ಚಾಸಿಗೆ ವೆಲ್ಡಿಂಗ್ ಹಾಕಿದ ಗುರುತಿದೆಯೇ, ಪಾಟಾದ ಪಟ್ಟಿಗಳು ಹೆಚ್ಚುವರಿಯಾಗಿ ಸೇರಿಸಿದವೇ, ಟಾಯರು ಒಂದೇ ಮಗ್ಗುಲಿಗೆ ಸವೆದಿದೆಯೇ, ಹಿಂದಿನ ಬಾಡಿಯ ತಳ ಕುಳಿ ಬಿದ್ದಿದೆಯೇ ನೋಡಬೇಕು. ಹೆಚ್ಚಿನ ಪಟ್ಟಿ ಸೇರಿಸಿದ್ದರೆ ಆ ಗಾಡಿ ತನ್ನ ಶಕ್ತಿ ಮೀರಿ ದುಡಿದಿದೆ ಅಂತ ಅರ್ಥ.

ಕಾಗದಪತ್ರದ ಲೆಕ್ಕವೂ ಇದೆ. ಆರ್‌ಸಿಯಲ್ಲಿ ಬ್ಯಾಂಕಿನ ಇಲ್ಲವೆ ಫೈನಾನ್ಸಿನ ಸಾಲ ತೀರಿದೆಯೇ ನೋಡಬೇಕು. ಹಳದಿ ಪ್ಲೇಟಿನ ಗಾಡಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು. ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಕಾಯ್ದೆಯ 66ನೇ ಕಲಮಿನ ಪ್ರಕಾರ ಪರ್ಮಿಟ್ ಬೇಡ. ಸಣ್ಣವೆಲ್ಲ ಇದರೊಳಗೆ ಬರುತ್ತವೆ. ದೊಡ್ಡ ಪಿಕಪ್ಪುಗಳಲ್ಲಿ ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಆರ್‌ಸಿಯಲ್ಲಿ ಬರೆದ ತೂಕವೇ ಪ್ರಮಾಣ.

ಲೈಸೆನ್ಸಿನ ಗೊಂದಲವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರಿಸಿತು. ಒಟ್ಟು ತೂಕ 7,500 ಕೆ.ಜಿ. ಒಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸು ಸಾಕು, ಗೂಡ್ಸ್ ಗಾಡಿಯೆಂದು ಬೇರೆ ಮುದ್ರೆ ಬೇಡ ಎಂದಿತು. ಕಾರು ಓಡಿಸುವ ಲೈಸೆನ್ಸಿದ್ದ ಅಂಗಡಿಕಾರ ತನ್ನ ಪಿಕಪ್ಪನ್ನು ತಾನೇ ಓಡಿಸಬಹುದು. ವ್ಯಾಪಾರಕ್ಕೆಂದು ಕೊಂಡ ಗೂಡ್ಸ್ ಗಾಡಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಲೆಕ್ಕದಲ್ಲಿ ವಾಪಸ್ ಹಿಡಿಯಲಿಕ್ಕೂ ಬರುತ್ತದೆ. ಕಾರಿಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ, ಕಾಂಪೋಸಿಷನ್ನಿನಲ್ಲಿ ಇದ್ದವರಿಗೆ ಯಾವುದಕ್ಕೂ ಇಲ್ಲ.

ಈಗ ತಾಯಿಯ ಪ್ರಶ್ನೆ

ಇಷ್ಟೆಲ್ಲ ನೋಡಿ ಗಾಡಿ ತಂದದ್ದಾಯಿತು. ಪೂಜೆಯಾಯಿತು, ನಿಂಬೆಹಣ್ಣು ಗಾಲಿಯ ಕೆಳಗೆ ಒಡೆದದ್ದಾಯಿತು. ಬನದ ಹುಣ್ಣಿಮೆ ಬಂತು. ಚೊಳಚಗುಡ್ಡದ ಬನಶಂಕರಿ ತೇರು ಎಳೆಯುವ ದಿನ. ಓಣಿಯ ಮಂದಿಯೆಲ್ಲ ಹೊಸ ಗಾಡಿಯ ಸುತ್ತ ಸೇರಿದರು. ಹಿಂದಿನ ಬಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನೆ ಹಾಸಿ, ಮುದುಕರು, ಹೆಂಗಸರು, ಮಕ್ಕಳು ಕೂತರು. ಹುಡುಗರು ಹಿಂದಿನ ಫಳಿ ಇಳಿಬಿಟ್ಟು ಅದರ ಮೇಲೆ ಕೂತು ಕಾಲು ಜೋತುಬಿಟ್ಟರು. ಈ ದೃಶ್ಯ ಯಾರಿಗೆ ಹೊಸದು? ಮದುವೆ ದಿಬ್ಬಣಕ್ಕೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಕೂಲಿ ಕೆಲಸಕ್ಕೆ, ಎಲ್ಲಕ್ಕೂ ಇದೇ ನಡೆದಿದೆ.

ಲೆಕ್ಕ ಹಾಕಿದರೆ ಎದೆ ಝಲ್ಲೆನ್ನಬೇಕು. ಇಪ್ಪತ್ತು ಮಂದಿ, ತಲೆಗೆ 60 ಕೆ.ಜಿ. ಹಿಡಿದರೂ 1,200 ಕೆ.ಜಿ. ಆಯಿತು. 750 ಕೆ.ಜಿ.ಯ ಗಾಡಿಗೆ ಇದು ಒಂದೂವರೆ ಪಟ್ಟು ಮೀರಿದ ಭಾರ. ಸಾಮಾನಾದರೆ ತಳದಲ್ಲಿ ಬಿದ್ದಿರುತ್ತದೆ. ಮಂದಿ ಹಾಗಲ್ಲ. ಕೂತವರ, ನಿಂತವರ ತೂಕವೆಲ್ಲ ಎತ್ತರದಲ್ಲಿರುತ್ತದೆ. ಸಿಮೆಂಟಿನ ಚೀಲ ತಿರುವಿನಲ್ಲಿ ಜಾಗ ಬಿಟ್ಟು ಏಳುವುದಿಲ್ಲ. ಮಂದಿ ಮಾತ್ರ ಒಂದೇ ಕಡೆಗೆ ವಾಲುತ್ತಾರೆ, ಒಬ್ಬರನ್ನೊಬ್ಬರು ಹಿಡಿಯುತ್ತಾರೆ. ಗಾಡಿ ಮಗುಚಲಿಕ್ಕೆ ಅಷ್ಟೇ ಸಾಕು. ಮಗುಚಿದರೆ ಮೇಲೆ ಸೂರಿಲ್ಲ, ಬೆಲ್ಟಿಲ್ಲ, ಹಿಡಿಯಲಿಕ್ಕೆ ಕಂಬಿಯಿಲ್ಲ.

ಶ್ರೀಶೈಲದ ದಾರಿಯಲ್ಲಿ ಒಂದು ವಿಚಿತ್ರ ನೋಡಬಹುದು. ಹೋಗುವಾಗ ಎಲ್ಲರೂ ನಡೆಯುತ್ತಾರೆ, ಗಾಡಿಯಲ್ಲಿ ಸಾಮಾನು ಮಾತ್ರ. ಹೋಗುವ ದಾರಿ ಸುರಕ್ಷಿತ. ಬರುವಾಗ ಕಾಲು ಬಾತಿರುತ್ತವೆ, ಹಿಟ್ಟಿನ ಚೀಲ ಖಾಲಿಯಾಗಿರುತ್ತದೆ, ಗಾಡಿಯಲ್ಲಿ ಜಾಗ ಕಾಣುತ್ತದೆ. ಎಲ್ಲರೂ ಹಿಂದೆ ಹತ್ತುತ್ತಾರೆ. ರಾತ್ರಿ ಹೊರಟರೆ ಬೆಳಗಾಗುವುದರೊಳಗೆ ಊರು ಅನ್ನುವ ಲೆಕ್ಕ. ಡ್ರೈವರನೂ ಅದೇ ಗುಂಪಿನವನು, ಅವನಿಗೂ ನಾಲ್ಕು ದಿನದಿಂದ ನಿದ್ದೆಯಿಲ್ಲ. ಗಾಡಿಯಲ್ಲಿದ್ದವರೆಲ್ಲ ಮಲಗಿದ ಮೇಲೆ ಅವನನ್ನು ಎಚ್ಚರಿಸುವವರು ಯಾರು? ಮಂದಿಯ ದುಶ್ಚಟಗಳನ್ನೇ ಭಿಕ್ಷೆ ಬೇಡಿದ ಮಹಾಂತ ಜೋಳಿಗೆಯ ಊರು ಇಳಕಲ್ಲ. ಸ್ಟೇರಿಂಗ್ ಹಿಡಿದವನು ಕುಡಿದಿರಬಾರದು ಅನ್ನುವುದನ್ನು ಈ ಊರಿಗೆ ಹೇಳಬೇಕಾಗಿಲ್ಲ. ನಿದ್ದೆಗೆಟ್ಟವನೂ ಸ್ಟೇರಿಂಗ್ ಹಿಡಿಯಬಾರದು ಅನ್ನುವುದನ್ನು ಮಾತ್ರ ಇನ್ನೂ ಹೇಳಬೇಕಾಗಿದೆ.

ವಿಮೆ ಯಾರಿಗೆ?

"ಇನ್ಶೂರನ್ಸ್ ಫುಲ್ ಐತ್ರಿ, ಏನ್ ಹೆದರಿಕಿ?" ಅನ್ನುವ ಮಾಲಕರಿದ್ದಾರೆ. ಇದು ದೊಡ್ಡ ಭ್ರಮೆ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಸ್ಪಷ್ಟ ಮಾತು ಹೇಳಿತು. ಗೂಡ್ಸ್ ಗಾಡಿಯಲ್ಲಿ ಪುಕ್ಕಟೆ ಕೂತು ಹೊರಟ ಮಂದಿಗೆ ಪರಿಹಾರ ಕೊಡುವ ಹೊಣೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಯದಲ್ಲ ಎಂದಿತು. 1994ರ ತಿದ್ದುಪಡಿಯಿಂದ ಸರಕಿನ ಸಂಗಡ ಹೋಗುವ ಸರಕಿನ ಮಾಲಕನಿಗೆ ಅಥವಾ ಅವನ ಕಡೆಯ ಮನುಷ್ಯನಿಗೆ ರಕ್ಷಣೆಯುಂಟು. ಜಾತ್ರೆಗೆ ಹೊರಟ ಅತ್ತೆ, ಚಿಗವ್ವ, ಓಣಿಯ ಮಕ್ಕಳು ಸರಕಿನ ಮಾಲಕರಲ್ಲ. ಬಾಡಿಗೆ ಕೊಟ್ಟು ಕೂತರೂ ಗೂಡ್ಸ್ ಗಾಡಿ ಬಸ್ಸಾಗುವುದಿಲ್ಲ.

ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯ ಕಂಪನಿಗೆ ಮೊದಲು ಹಣ ಕೊಡು, ಆಮೇಲೆ ಗಾಡಿಯ ಮಾಲಕನಿಂದ ವಸೂಲು ಮಾಡಿಕೋ ಅನ್ನುವುದುಂಟು. ಆಗಲೂ ಕೊನೆಗೆ ಕೊಡಬೇಕಾದವನು ಮಾಲಕನೇ. ಕೂತು ಉಣ್ಣುವ ಅಂಗಡಿ, ಅಜ್ಜನ ಕಾಲದ ಮನೆ, ಎಲ್ಲ ಆ ಲೆಕ್ಕಕ್ಕೆ ಹೋಗಬಹುದು. ಒಂದು ದಿನದ ಬಸ್ ಚಾರ್ಜು ಉಳಿಸಲು ಹೋಗಿ ಓಣಿಯ ಜೀವಗಳನ್ನೂ ಸ್ವಂತ ಮನೆಯನ್ನೂ ಪಣಕ್ಕಿಟ್ಟಂತೆ. ಕೆಟ್ಟ ಮೇಲೆ ಬುದ್ಧಿ ಬಂದು ಫಲವಿಲ್ಲ. ಪಾಲಿಸಿಯ ಕಾಗದವನ್ನು ಗಾಡಿ ಕೊಳ್ಳುವ ದಿನವೇ ಓದಬೇಕು, ಇಂಗ್ಲಿಷಿನಲ್ಲಿದ್ದರೆ ಓದಿಸಿ ಕೇಳಬೇಕು. ಎರಡು ಸಾಲು ಸೀಟಿನ ಗಾಡಿಯಾದರೂ ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆ, ಪಾಲಿಸಿಯಲ್ಲಿ ಎಷ್ಟು ಮಂದಿಗೆ ಹಣ ಕಟ್ಟಿದೆ ಅನ್ನುವುದನ್ನು ತಾಳೆ ನೋಡಬೇಕು.

ಬಡವರ ಮಾತು

ಇದಕ್ಕೆ ಎದುರು ಮಾತೂ ಇದೆ, ಅದನ್ನು ಕೇಳಬೇಕು. ಜಾತ್ರೆಯ ದಿನ ಬಸ್ಸಿನಲ್ಲಿ ಕಾಲಿಡಲಿಕ್ಕೆ ಜಾಗವಿರುವುದಿಲ್ಲ. ಒಳಗಿನ ಹಳ್ಳಿಗೆ ಸಂಜೆಯ ಮೇಲೆ ಬಸ್ಸೇ ಇರುವುದಿಲ್ಲ. ಮುದುಕಿಯನ್ನು, ಕೂಸನ್ನು ಕರಕೊಂಡು ಸ್ಟ್ಯಾಂಡಿನಲ್ಲಿ ಮೂರು ತಾಸು ಕಾಯುವವನಿಗೆ ಓಣಿಯ ಗಾಡಿ ದೇವರು ಕೊಟ್ಟ ವರದ ಹಾಗೆ ಕಾಣುತ್ತದೆ. ಜಾತ್ರೆಯಿಂದ ಬರುವಾಗ ಬಾಗಿಲ ಚೌಕಟ್ಟು, ಒಕ್ಕಲುತನದ ಸಾಮಾನು, ಬೆಂಡು ಬತ್ತಾಸಿನ ಗಂಟು ತರಬೇಕಾಗಿರುತ್ತದೆ. ಇವನ್ನು ಬಸ್ಸಿನ ಟಾಪಿನ ಮೇಲೆ ಹಾಕಲಿಕ್ಕೆ ಬಾರದು. ಬಡವನಿಗೆ ಕಾಯ್ದೆ ಹೇಳುವುದು ಸುಲಭ, ಬಸ್ ಬಿಡುವುದು ಕಷ್ಟ.

ಆದ್ದರಿಂದ ಹೊಣೆ ಬರೀ ಗಾಡಿ ಮಾಲಕನ ಮೇಲೆ ಹಾಕಿ ಕೈ ತೊಳೆದುಕೊಳ್ಳಲಾಗದು. ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆ ಜಾತ್ರೆಯ ದಿನ ಹೆಚ್ಚಿನ ಬಸ್ ಬಿಡುತ್ತದೆ, ಸರಿ. ಅವು ಬಾದಾಮಿ ಸ್ಟ್ಯಾಂಡಿಗೂ ಬಾಗಲಕೋಟೆ ಸ್ಟ್ಯಾಂಡಿಗೂ ಓಡಿದರೆ ಸಾಲದು. ರಾತ್ರಿ ನಾಟಕ ಮುಗಿದ ಮೇಲೆ ಹುನಗುಂದ, ಅಮೀನಗಡ, ಗುಳೇದಗುಡ್ಡದ ಕಡೆಯ ಹಳ್ಳಿಗಳಿಗೂ ಹೋಗಬೇಕು. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳು ಬೆಳಗಿನ ತನಕ ಆಡುವುದು ಸಾರಿಗೆಯವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಪೊಲೀಸರೂ ಗಾಡಿಯನ್ನು ಅರ್ಧ ದಾರಿಯಲ್ಲಿ ತಡೆದು ದಂಡ ಹಾಕಿ ಮತ್ತೆ ಅದೇ ಮಂದಿಯನ್ನು ಕೂಡಿಸಿ ಕಳಿಸುವುದರಲ್ಲಿ ಅರ್ಥವಿಲ್ಲ. ಹೊರಡುವ ಜಾಗದಲ್ಲೇ, ಇಳಿಸಿದವರಿಗೆ ಹತ್ತಲಿಕ್ಕೆ ಬಸ್ ಇರುವಲ್ಲೇ ತಡೆಯಬೇಕು.

ಮಂದಿಯ ಕೈಯಲ್ಲೂ ದಾರಿಯಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡಿಲ್ಲ. ಬನಶಂಕರಿಗೆ, ಕೂಡಲಸಂಗಮಕ್ಕೆ, ಸವದತ್ತಿಗೆ ಹೊರಟ ಹೆಂಗಸರು ಗೂಡ್ಸ್ ಗಾಡಿಯ ತಗಡಿನ ಮೇಲೆ ಯಾಕೆ ಕೂಡಬೇಕು? ಶ್ರೀಶೈಲ ಆಂಧ್ರಕ್ಕೆ ಸೇರಿದ್ದು, ಅಲ್ಲಿಯ ತನಕ ಈ ಸೌಲಭ್ಯ ನಡೆಯದು. ಆದರೆ ಪಾದಯಾತ್ರೆಯ ಗುಂಪಿನವರು ಹೊರಡುವ ಮುಂಚೆಯೇ ತಲೆಗಿಷ್ಟು ಅಂತ ದುಡ್ಡು ಕೂಡಿಸಿ ಬರುವ ದಾರಿಗೆ ಬಸ್ಸೋ, ಸೀಟಿನ ಕ್ರೂಸರೋ ಗೊತ್ತು ಮಾಡಿಟ್ಟರೆ ಯಾರ ಮನೆಯೂ ಮುಳುಗುವುದಿಲ್ಲ. ದಾಸೋಹಕ್ಕೆ ಪಟ್ಟಿ ಎತ್ತುವ ಮಂದಿ ಇದಕ್ಕೂ ಒಂದು ಸಾಲು ಸೇರಿಸಬಹುದು. ಹೋಗುವ ಹರಕೆಯ ಜೊತೆಗೆ ಬರುವ ದಾರಿಯ ಏರ್ಪಾಟೂ ಆಗಲಿ.

ಗಾಡಿ ಆರಿಸುವ ಲೆಕ್ಕ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಓಣಿಯಲ್ಲಿ ಹೊಳ್ಳುವ, ಊರ ಮಿಸ್ತ್ರಿಗೆ ಗೊತ್ತಿರುವ, ದಿನದ ಭಾರಕ್ಕೆ ತಕ್ಕ ಗಾಡಿಯೇ ಒಳ್ಳೇ ಗಾಡಿ. ಎಷ್ಟು ಮಂದಿಗೆ ಸೀಟಿದೆಯೋ ಅಷ್ಟೇ ಮಂದಿ ಅದರಲ್ಲಿ. ಉಳಿದವರು ಬಸ್ಸಿಗೆ. ಹಿಂದಿನ ಬಾಡಿಯಲ್ಲಿ ಸಾಮಾನು, ಸಾಮಾನು ಮಾತ್ರ.

ಇಳಕಲ್ಲದ ಆ ಮನೆಯಲ್ಲಿ ಕಡೆಗೂ ರಾಜಿಯಾದಂತೆ ಕಾಣುತ್ತದೆ. ಮಗ ದೊಡ್ಡ ಗಾಡಿಯ ಚಿತ್ರವನ್ನು ಮೊಬೈಲಿನಿಂದ ಅಳಿಸಿಲ್ಲ, ಆದರೆ ಎರಡು ಸಾಲು ಸೀಟಿನ ಗಾಡಿಗೆ ಒಪ್ಪಿದ್ದಾನೆ. ತಂದೆ ಅಳತೆಯ ಟೇಪು ಹಿಡಿದು ಓಣಿಯ ತಿರುವನ್ನು ಎರಡು ಸಾರೆ ಅಳೆದು ಬಂದಿದ್ದಾರೆ. ತಾಯಿಯ ತೀರ್ಪು ಮಾತ್ರ ಎಲ್ಲರಿಗಿಂತ ಮೊದಲೇ ಆಗಿತ್ತು: "ಹಂಗಾರ ನಾವು ಹೆಣಮಕ್ಕಳು ಬಸ್ಸಿಗೆ ಹೊಕ್ಕೀವಿ. ಬುತ್ತಿ ಗಂಟು, ನೀರಿನ ಕೊಡ ಅಷ್ಟ ನಿಮ್ಮ ಗಾಡ್ಯಾಗ ಹಾಕ್ಕೊಂಡು ಬರ್ರಿ."